ಪ್ರಮೋಷನ್ ರೇಸ್‌ನ ಕೊನೇ ಐದು ಮ್ಯಾಚ್ ತಲೆ ಕೆಡದಂಗೆ ದಾಟೋದು ಹೇಗೆ

ಏಪ್ರಿಲ್ ಬಂತು ಅಂದ್ರೆ ಇಂಗ್ಲೆಂಡಿನ ಫುಟ್‌ಬಾಲ್‌ನ ಎರಡನೇ ಹಂತದ ಲೀಗ್ ಚಾಂಪಿಯನ್‌ಶಿಪ್ ಫಾಲೋ ಮಾಡೋರ ಪಾಡು ಯಾರಿಗೂ ಬೇಡ. 24 ಟೀಮು, ಒಂದೊಂದಕ್ಕೂ 46 ಮ್ಯಾಚು, ಮೇಲಿನ ಎರಡು ಮಾತ್ರ ಸೀದಾ ಮೊದಲ ಹಂತದ ಪ್ರೀಮಿಯರ್ ಲೀಗ್‌ಗೆ (ಪ್ರಮೋಷನ್ ಅಂದ್ರೆ ಇದೇ), ಮೂರನೇದಾದ್ರೆ ಉಳಿದ ಒಂದೇ ಜಾಗಕ್ಕೆ ಪ್ಲೇಆಫ್ ಆಡ್ಬೇಕು. ನಮ್ಮ ಟೀಮು ಎರಡನೇ ಜಾಗದಲ್ಲಿದ್ದು ಹಿಂದಿನವರು ಮೂರೇ ಪಾಯಿಂಟ್ ದೂರ ಇದ್ರೆ ಊಟ ಸೇರಲ್ಲ, ನಿದ್ದೆ ಹತ್ತಲ್ಲ, ಅವತ್ತು ಯಾರೂ ಆಡ್ತಾ ಇಲ್ಲ ಅಂತ ಗೊತ್ತಿದ್ರೂ ಟೇಬಲ್ ತೆಗೆದು ತೆಗೆದು ನೋಡ್ತಾ ಇರ್ತೀವಿ, ಏನೋ ಬದಲಾಗಿರುತ್ತೆ ಅನ್ನೋ ಹಂಗೆ. ಈ ಟೆನ್ಶನ್ ಪೂರ್ತಿ ಹೋಗಲ್ಲ. ಆದ್ರೆ ಅದ್ರಲ್ಲಿ ಅರ್ಧ ನಾವೇ ಮೈಮೇಲೆ ಎಳ್ಕೊಳ್ಳೋದು, ಅಷ್ಟನ್ನಾದ್ರೂ ಬಿಡಬಹುದು.

ಮೊದ್ಲು ಲೆಕ್ಕ ಮುಗಿಸಿ, ಒಂದೇ ಸಲ, ಪೇಪರ್ ಮೇಲೆ. ನಮ್ಮದು 80 ಪಾಯಿಂಟ್, ಮೂರನೇ ಜಾಗದವರದ್ದು 77, ಇಬ್ರಿಗೂ ಐದೈದು ಮ್ಯಾಚ್ ಬಾಕಿ ಅಂದ್ಕೊಳ್ಳಿ. ಅವರು ಐದಕ್ಕೆ ಐದೂ ಗೆದ್ರೂ 92ಕ್ಕಿಂತ ಮೇಲೆ ಹೋಗಲ್ಲ, ಅಂದ್ರೆ ನಮಗೆ 93 ಆದ್ರೆ ಸಾಕು, ಇನ್ನು 13 ಪಾಯಿಂಟ್. ಈ 13ನ್ನ ಒಂದು ನೆನಪಿಟ್ಕೊಳ್ಳಿ, ಬೇರೆ ಎಲ್ಲಾ ಮರೀರಿ. ನಾವು ಗೆದ್ರೆ ಅದ್ರಲ್ಲಿ 3 ಇಳಿಯುತ್ತೆ, ಡ್ರಾ ಆದ್ರೆ 1. ಅವರು ಡ್ರಾ ಮಾಡ್ಕೊಂಡ್ರೆ 2, ಸೋತ್ರೆ 3. ಇಬ್ರೂ ಎದುರಾಬದುರಾ ಆಡಿ ನಾವು ಗೆದ್ವಿ ಅಂದ್ರೆ ಒಂದೇ ಏಟಿಗೆ 6 ಹೋಗಿ 7 ಉಳಿಯುತ್ತೆ. ಈ ನಂಬರ್ ಏರೋ ಮಾತೇ ಇಲ್ಲ, ನಾವು ಸೋತ್ರೂ ಅಲ್ಲೇ ನಿಂತಿರುತ್ತೆ (ಆಡೋಕೆ ಉಳಿದಿರೋ ಮ್ಯಾಚ್ ಒಂದು ಕಮ್ಮಿ ಆಗುತ್ತೆ ಅನ್ನೋದು ಬೇರೆ ವಿಷ್ಯ). ನಾಲ್ಕನೆಯವರೂ ಹತ್ರ ಇದ್ರೆ ಅವರಿಗೂ ಇದೇ ಥರ ಮಾಡಿ, ಎರಡರಲ್ಲಿ ದೊಡ್ಡ ನಂಬರ್ ಇಟ್ಕೊಳ್ಳಿ. "ಅವರಿಗೆ ಒಂದು ಗೇಮ್ ಇನ್ ಹ್ಯಾಂಡ್ ಇದೆ ಕಣೋ" (ನಮಗಿಂತ ಒಂದು ಮ್ಯಾಚ್ ಜಾಸ್ತಿ ಬಾಕಿ ಇದೆ) ಅಂತ ಯಾರಾದ್ರೂ ಹೊಟ್ಟೆಗೆ ಬೆಂಕಿ ಹಾಕೋಕೆ ಬಂದ್ರೆ, ಅದೂ ಗೆದ್ದಂಗೇ ಈ ಲೆಕ್ಕದಲ್ಲಿ ಸೇರಿದೆ ಅಂತ ಹೇಳಿ ಕಳ್ಸಿ.

ಗೋಲ್ ಡಿಫರೆನ್ಸ್ (ಹೊಡೆದ ಗೋಲಲ್ಲಿ ಬಿಟ್ಟುಕೊಟ್ಟ ಗೋಲು ಕಳೆದು ಉಳಿದಿದ್ದು) ಮಾತ್ರ ಮರೀಬೇಡಿ. ಪಾಯಿಂಟ್ ಸಮ ಆದ್ರೆ ಮೊದಲು ನೋಡೋದು ಅದನ್ನೇ, ಅದೂ ಸಮ ಆದ್ರೆ ಹೊಡೆದ ಗೋಲು. 2015-16ರಲ್ಲಿ ಮಿಡಲ್ಸ್‌ಬ್ರೋ, ಬ್ರೈಟನ್ ಎರಡೂ 89 ಪಾಯಿಂಟ್, ಕೊನೇ ದಿನ ಅವರವರೇ ಆಡಿ 1-1 ಡ್ರಾ, ಡಿಫರೆನ್ಸ್ 32 ಇದ್ದ ಮಿಡಲ್ಸ್‌ಬ್ರೋ ಮೇಲೆ ಹೋಯ್ತು, 30 ಇದ್ದ ಬ್ರೈಟನ್ ಪ್ಲೇಆಫ್‌ಗೆ ಹೋಗಿ ಅಲ್ಲೂ ಸೋತ್ರು. ಹಂಗಾಗಿ ಅಕ್ಟೋಬರ್‌ನಲ್ಲಿ 3-0 ಮುಂದಿದ್ದಾಗ ನಾಲ್ಕನೇ ಗೋಲಿಗೂ ಕಿರುಚಿದ್ದವರು ಹುಚ್ಚರಲ್ಲ. ನಮ್ಮ ಡಿಫರೆನ್ಸ್ ಅವರು ಮುಟ್ಟಕ್ಕಾಗದಷ್ಟು ಮುಂದಿದ್ರೆ 13 ಇದ್ದಿದ್ದು 12 ಅಂತ ತಿದ್ಕೊಳ್ಳಿ.

ಇನ್ನು ಎದುರಾಳಿ ಟೀಮಿನ ಮ್ಯಾಚ್ ನೋಡೋ ಚಟ. ನನ್ನ ಮಾತು ಕೇಳಿ, ನೋಡ್ಬೇಡಿ. ನೀವು ನೋಡಿದ್ರೂ ನೋಡದಿದ್ರೂ ಅವರು 88ನೇ ನಿಮಿಷಕ್ಕೆ ಕಾರ್ನರ್‌ನಲ್ಲಿ ಒಂದು ಗೋಲು ಹೊಡ್ದೇ ಹೊಡೀತಾರೆ, ನೀವು ತೊಂಬತ್ತು ನಿಮಿಷ ಯಾರನ್ನೋ ಬೈಕೊಂಡು ಬಿಪಿ ಏರಿಸ್ಕೊಂಡಿದ್ದೇ ಲಾಭ. ಫೈನಲ್ ಸ್ಕೋರ್ ನೋಡಿ ನಂಬರ್ ತಿದ್ದಿ ಮಲಗಿ.

ಕೊನೇ ದಿನ ಇದು ಕಷ್ಟ, ಯಾಕಂದ್ರೆ ಎಲ್ಲಾ ಮ್ಯಾಚೂ ಒಂದೇ ಟೈಮಿಗೆ ಶುರು. ಸ್ನೇಹಿತರು ಜೊತೆಗಿದ್ರೆ ಅವರಲ್ಲಿ ಒಬ್ರನ್ನ ಆ ಕಡೆ ಸ್ಕೋರ್‌ಗೆ ಅಂತ ಬಿಡಿ, ಗೋಲಾದ್ರೆ ಮಾತ್ರ ಬಾಯಿ ಬಿಡ್ಬೇಕು, "ಚಾನ್ಸು ಚಾನ್ಸು" ಅಂತ ಕೂಗೋ ಗಿರಾಕಿಗೆ ಈ ಕೆಲಸ ಕೊಡ್ಬೇಡಿ. ಆಮೇಲೆ ನೋಟಿಫಿಕೇಶನ್ ಆಫ್ ಮಾಡಿ, ಇದು ತುಂಬಾ ಮುಖ್ಯ. ಸ್ಟ್ರೀಮ್ ಯಾವಾಗ್ಲೂ ಒಂದಿಷ್ಟು ಹಿಂದೆ ಓಡ್ತಿರುತ್ತೆ, ನಿಮ್ಮ ಸ್ಕ್ರೀನ್‌ನಲ್ಲಿ ಸ್ಟ್ರೈಕರ್ ಇನ್ನೂ ಬಾಲ್ ಕಂಟ್ರೋಲ್ ಮಾಡ್ತಾ ಇರ್ತಾನೆ, ಅಷ್ಟರಲ್ಲಿ ಜೇಬಲ್ಲಿ ಫೋನ್ ಗುರ್ ಅನ್ನುತ್ತೆ, ಆಮೇಲೆ ಅದು ಈ ಗೋಲೋ ಆ ಕಡೆ ಗೋಲೋ ಅಂತ ಜೀವ ಬಾಯಿಗೆ ಬಂದು ಕೂರುತ್ತೆ.

ಪೆನಾಲ್ಟಿ ಸಿಕ್ತು ಅಂತ ಗ್ರೂಪ್‌ನಲ್ಲಿ ಪಟಾಕಿ ಎಮೋಜಿ ಹಾಕೋರಿಗೆ 2013ರ ಏಪ್ರಿಲ್ 27 ನೆನಪಿಸಿ. ಮೂರನೇ ಹಂತದ ಲೀಗ್ ಒನ್, ಕೊನೇ ದಿನ, ಬ್ರೆಂಟ್‌ಫರ್ಡ್‌ಗೂ ಡಾಂಕಾಸ್ಟರ್‌ಗೂ ಮ್ಯಾಚ್, ಬ್ರೆಂಟ್‌ಫರ್ಡ್ ಗೆದ್ರೆ ಅವರು ಮೇಲೆ, ಡ್ರಾ ಆದ್ರೂ ಡಾಂಕಾಸ್ಟರ್ ಮೇಲೆ. 0-0, ಇಂಜುರಿ ಟೈಮು, ಬ್ರೆಂಟ್‌ಫರ್ಡ್‌ಗೆ ಪೆನಾಲ್ಟಿ. ಟ್ರೊಟ್ಟ ಒದ್ದಿದ್ದು ಕ್ರಾಸ್‌ಬಾರ್‌ಗೆ ಬಡೀತು, ಅದೇ ಬಾಲ್ ಇಟ್ಕೊಂಡು ಡಾಂಕಾಸ್ಟರ್‌ನವರು ಆಚೆ ತುದಿಗೆ ಓಡಿ ಕಾಪಿಂಜರ್ ಕೈಲಿ ಗೋಲ್ ಹೊಡೆಸಿ ಪ್ರಮೋಷನ್ ಇರ್ಲಿ, ಚಾಂಪಿಯನ್ನೇ ಆಗ್ಬಿಟ್ರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಇದೇ. ಬ್ರೆಂಟ್‌ಫರ್ಡ್ ಪ್ಲೇಆಫ್ ಫೈನಲ್ಲೂ ಸೋತ್ರು, ಮುಂದಿನ ಸೀಸನ್ ಸೀದಾ ಮೇಲೆ ಹೋದ್ರು, 2021ಕ್ಕೆ ಪ್ರೀಮಿಯರ್ ಲೀಗೂ ಸೇರಿದ್ರು.

ಜೆರ್ಸಿ ಒಗೀಬಾರದು, ಅದೇ ಸೋಫಾ ಮೂಲೆ, ಇವೆಲ್ಲ ಮಾಡ್ಕೊಳ್ಳಿ, ಯಾರಿಗೂ ನಷ್ಟ ಇಲ್ಲ. ಆದ್ರೆ "ಸೋತ್ರೂ ದುಡ್ಡಾದ್ರೂ ಬರ್ಲಿ" ಅಂತ ನಮ್ಮ ಟೀಮಿನ ವಿರುದ್ಧವೇ ಬೆಟ್ ಕಟ್ಟೋ ಐಡಿಯಾ ಬೇಡವೇ ಬೇಡ, ಗೋಲು ಬಿದ್ದಾಗ ಖುಷಿ ಪಡಬೇಕೋ ಅಳಬೇಕೋ ಗೊತ್ತಾಗದೆ ಇನ್ನೊಂದು ಸಂಕಟ.

ಕೊನೆಗೂ ಮೂರನೇ ಜಾಗಕ್ಕೇ ಬಿದ್ರೆ ಪೇಪರ್ ಹರಿದು ಬಿಸಾಕಿ. ಪ್ಲೇಆಫ್‌ನಲ್ಲಿ ಲೆಕ್ಕವೂ ನಡೆಯಲ್ಲ, ಫಾರ್ಮೂ ನಡೆಯಲ್ಲ. 2024-25ರಲ್ಲಿ ಲೀಡ್ಸ್, ಬರ್ನ್ಲಿ ತಲಾ 100 ಪಾಯಿಂಟ್ ಮಾಡಿ ಮೇಲೆ ಹೋದ್ಮೇಲೆ 90 ಪಾಯಿಂಟಿನ ಶೆಫೀಲ್ಡ್ ಯುನೈಟೆಡ್ ಮೂರನೇದು, 76ರ ಸಂಡರ್‌ಲ್ಯಾಂಡ್ ನಾಲ್ಕನೇದು. ಸಂಡರ್‌ಲ್ಯಾಂಡ್ ಲೀಗ್‌ನ ಕೊನೇ ಐದೂ ಮ್ಯಾಚ್ ಸೋತಿದ್ರು. ಅವರ ಫ್ಯಾನ್ಸ್ ಆವಾಗ್ಲೇ ಆಸೆ ಬಿಟ್ಟಿದ್ರೂ ತಪ್ಪು ಅನ್ನಕ್ಕಾಗಲ್ಲ. ಸೆಮಿಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ನ ಕೊನೇ ಗಳಿಗೆಯಲ್ಲಿ ಅವರ ಬ್ಯಾಲರ್ಡ್ ಹೆಡರ್ ಗೋಲು, ವೆಂಬ್ಲಿ ಫೈನಲ್‌ನಲ್ಲಿ ಅದೇ ಶೆಫೀಲ್ಡ್ ಯುನೈಟೆಡ್ ಎದುರು 1-0 ಹಿಂದಿದ್ದವರು 95ನೇ ನಿಮಿಷಕ್ಕೆ 2-1 ಮಾಡಿ ಮೇಲೆ ಹೋದ್ರು.