ಪೋರ್ಚುಗೀಸ್ ಕ್ರಿಯಾಪದದ ಬಾಲ, ಮತ್ತು ಒತ್ತು ಹುಡುಕಿದ ಬಗೆ

ಲಿಸ್ಬನ್‌ನಲ್ಲಿ ಪೋರ್ಚುಗೀಸ್ ಕಲಿಯುವಾಗ ನನ್ನನ್ನು ಜಾಸ್ತಿ ಸತಾಯಿಸಿದ್ದು ಕ್ರಿಯಾಪದದ ಹಿಂದೆ ಅಡ್ಡಗೆರೆ ಹಾಕಿ ಅಂಟಿಸುವ ಪುಟ್ಟ ಸರ್ವನಾಮಗಳು. ಬ್ರೆಜಿಲ್‌ನವರು ಮಾತಿನಲ್ಲಿ ಅವನ್ನು ಸಾಮಾನ್ಯವಾಗಿ ಮುಂದೆಯೇ ಇಟ್ಟು ಬಚಾವಾಗುತ್ತಾರೆ. ಪೋರ್ಚುಗಲ್‌ನಲ್ಲಿ ಅಷ್ಟು ಸಲೀಸಿಲ್ಲ.

ಕೇಳಿದ್ದನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಒತ್ತು (ಪದ ಹೇಳುವಾಗ ದನಿ ಜೋರಾಗುವುದು) ಬಿದ್ದಲ್ಲಿ ದೀರ್ಘ, ಉಳಿದ ಕಡೆ ಹ್ರಸ್ವ. 'ಫಾಲ-ಸ' ಅಂದರೆ 'ಮಾತಾಡುತ್ತಾರೆ'. 'ಫಲಾಸ' ಅಂದರೆ 'ಮಾತಾಡಿದ್ದರೆ'. ಮೊದಲನೆಯದಕ್ಕೆ ಅಡ್ಡಗೆರೆ, ಎರಡನೆಯದಕ್ಕೆ ಜೋಡಿ ಎಸ್. ಅಲ್ಲಿನ ಮಕ್ಕಳೂ ಇವನ್ನು ಅದಲುಬದಲು ಬರೆಯುತ್ತಾರೆ. ಅನುಮಾನ ಬಂದರೆ ಮುಂದೆ 'ನಾಂವ್' (ಇಲ್ಲ) ಸೇರಿಸಿ ನೋಡುತ್ತೇನೆ. ಕೊನೆಯ 'ಸ' ಸರ್ವನಾಮ ಆಗಿದ್ದರೆ ಎದ್ದು ಮುಂದೆ ಬರುತ್ತದೆ: 'ನಾಂವ್ ಸ ಫಾಲ'. ಇಲ್ಲದಿದ್ದರೆ 'ನಾಂವ್ ಫಲಾಸ', ಅಲ್ಲಾಡುವುದೇ ಇಲ್ಲ.

ನನಗೆ ತುಂಬಾ ಇಷ್ಟವಾದ ಜೋಡಿ 'ಅಮಾ-ಲು' ಮತ್ತು 'ಆಮ-ಲು'. ಮೊದಲನೆಯದು 'ಅವನನ್ನು ಪ್ರೀತಿಸಲು', ಇನ್ನೊಂದು 'ನೀನು ಅವನನ್ನು ಪ್ರೀತಿಸುತ್ತೀಯ'. ಒಂದರಲ್ಲಿ 'ಅಮಾರ್'ನ ರ್ ಉದುರಿದೆ, ಇನ್ನೊಂದರಲ್ಲಿ 'ಆಮಶ್'ನ ಶ್. ಎರಡೂ ಕಡೆ 'ಉ' ಎಂಬ ಸರ್ವನಾಮ 'ಲು' ಆಗಿದೆ. ಒತ್ತು ಮಾತ್ರ ಕ್ರಿಯಾಪದದಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಅದಕ್ಕೇ ಮೊದಲು ಬಾಲ ಕತ್ತರಿಸಿ ಒತ್ತು ಹುಡುಕುತ್ತೇನೆ, ಆಮೇಲೆ ಅಂಟಿಸುತ್ತೇನೆ. ಪೋರ್ಚುಗೀಸ್ ಪದದಲ್ಲಿ ಒತ್ತು ಕೊನೆಯ ಮೂರು ಅಕ್ಷರಗಳೊಳಗೇ ಇರುತ್ತದೆ ('ಮುಶ್' ಥರ ಒಂದೇ ಉಸಿರಿನ ತುಣುಕು ಒಂದು ಅಕ್ಷರ). ಆದರೆ 'ಕಂತಾವಮುಶ್-ಲ್ಯ'ದಲ್ಲಿ ('ಅವನಿಗೆ ಹಾಡುತ್ತಿದ್ದೆವು') ಬಾಲದ ದೆಸೆಯಿಂದ ಕೊನೆಯಿಂದ ನಾಲ್ಕನೆಯದಕ್ಕೆ ಹೋಗುತ್ತದೆ.

ಬರೆಯುವಾಗಲೂ ಅಡ್ಡಗೆರೆಗೆ ಮೊದಲಿನ ಭಾಗವನ್ನು ಒಂಟಿ ಪದ ಅಂತಲೇ ನೋಡಬೇಕು. 'ಅಮಾ' ಒತ್ತು ಬಿದ್ದ 'ಆ' ಸ್ವರದಲ್ಲಿ ಮುಗಿಯುತ್ತದೆ, ಹಾಗಾಗಿ ಅದರ ಮೇಲೆ ಒತ್ತು ತೋರಿಸುವ ಗೀಟು ಬೇಕು. 'ಅದನ್ನು ಒಡೆಯಲು' ಅನ್ನುವ 'ಪರ್ತೀ-ಲು'ಗೆ ಬೇಡ, ಇಕಾರದ ಕೊನೆಗೆ ಒತ್ತು ತಾನಾಗಿಯೇ ಬೀಳುತ್ತದೆ. 'ಅದನ್ನು ಕಟ್ಟಲು' ಅನ್ನುವ 'ಕೊಂಶ್ತ್ರುಈ-ಲು'ಗೆ ಮತ್ತೆ ಬೇಕು, ಯಾಕೆಂದರೆ ಅಲ್ಲಿ ಉ ಮತ್ತು ಈ ಬೇರೆಬೇರೆ ಅಕ್ಷರ.

ಭವಿಷ್ಯತ್ಕಾಲದಲ್ಲಿ ಸರ್ವನಾಮ ಮಧ್ಯಕ್ಕೇ ನುಗ್ಗುತ್ತದೆ: 'ಅಮಾ-ಲು-ಎಯ್', ಅಂದರೆ 'ಅವನನ್ನು ಪ್ರೀತಿಸುವೆನು'. ಗೀಟು 'ಮಾ' ಮೇಲೆ, ಮುಖ್ಯ ಒತ್ತು ಮಾತ್ರ 'ಎಯ್' ಮೇಲೆ. ಮಾತಿನಲ್ಲಿ ಇದು ಅಪರೂಪ. ಗುರುತು ಹಿಡಿದರೆ ಸಾಕು ಅಂತ ಮುಂದೆ ಹೋದೆ.

ಸಾಲಿನ ಕೊನೆಯಲ್ಲಿ ಪದ ಮುರಿಯುವುದೂ ಇದೆಯಲ್ವಾ. 'ಫಲಾಸ'ವನ್ನು ಎರಡು ಎಸ್‌ಗಳ ನಡುವೆ ಮುರಿಯುತ್ತಾರೆ, ಒಂದೇ ಗೆರೆ. 'ಫಾಲ-ಸ'ವನ್ನು ಅದರ ಅಡ್ಡಗೆರೆಯಲ್ಲೇ ಮುರಿದರೆ, ಪೋರ್ಚುಗೀಸ್ ಮಾತಾಡುವ ದೇಶಗಳ 1990ರ ಕಾಗುಣಿತ ಒಪ್ಪಂದದ ಪ್ರಕಾರ ಮುಂದಿನ ಸಾಲಿನ ಶುರುವಿನಲ್ಲಿ ಇನ್ನೊಂದು ಗೆರೆ ಹಾಕಬೇಕು.