ಲೇಕನ್‌ಹೀತ್‌ಗೆ ಬರುವ ಕನ್ನಡ ಕುಟುಂಬಗಳಿಗೆ

ಮನೆ ಹಿಡಿಯುವ ಮುನ್ನ

ಇಂಗ್ಲೆಂಡಿನ ಸಫೋಕ್ ಕೌಂಟಿಯ ಈ ಹಳ್ಳಿಯಲ್ಲಿ ಬಾಡಿಗೆ ಮನೆ ನೋಡಲು ದಯವಿಟ್ಟು ಭಾನುವಾರ ಹೋಗಬೇಡಿ. ನಾವು ಭಾನುವಾರ ಹೋಗಿದ್ದೆವು. ಹಕ್ಕಿಗಳ ಕೂಗಿನ ಹೊರತು ಬೇರೇನೂ ಕೇಳಿಸದಿದ್ದುದರಿಂದ ಮನಸೋತು ಅಂದೇ ಒಪ್ಪಿಗೆ ಕೊಟ್ಟೆವು. ಮನೆ ಹೊಕ್ಕ ಮೇಲಿನ ಮೊದಲ ಸೋಮವಾರ ಯುದ್ಧವಿಮಾನಗಳು ಒಂದರ ಹಿಂದೊಂದು ಮೇಲೇರಿದಾಗ ಎಂಟು ತಿಂಗಳ ಮಗು ಬೆಚ್ಚಿಬಿದ್ದು ಅತ್ತಿತು. ಹಾಸನದಿಂದ ಬಂದಿದ್ದ ಅತ್ತೆಯವರು ಅದನ್ನು ಎದೆಗವಚಿಕೊಂಡು ಒಳಕೋಣೆಯಲ್ಲೇ ಕುಳಿತುಬಿಟ್ಟರು. ಕರಾರು ಮುಗಿಯುವವರೆಗೆ ಮನೆ ಬಿಡುವಂತೆಯೂ ಇರಲಿಲ್ಲ.

ಯಲಹಂಕದ ಏರೋ ಇಂಡಿಯಾ ನೋಡಿದವರಿಗೆ ಈ ಸದ್ದು ಹೊಸದೇನಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಅದು ಕೆಲವು ದಿನಗಳ ಪ್ರದರ್ಶನ, ಇದು ವಾರವಾರದ ಅಭ್ಯಾಸ. ಇಲ್ಲಿನ ವಾಯುನೆಲೆಯ ಫಲಕದ ಮೇಲೆ ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಎಂದಿದ್ದರೂ ಇದು ಅಮೆರಿಕದ ವಾಯುಪಡೆಯ ನೆಲೆ. ಅದರ 48ನೇ ಫೈಟರ್ ವಿಂಗ್ 1960ರಿಂದ ಇಲ್ಲಿದ್ದು, ಎಫ್-15ಇ ವಿಮಾನಗಳ ಜೊತೆಗೆ 2021ರ ಕೊನೆಯಲ್ಲಿ ಎಫ್-35ಎ ವಿಮಾನಗಳೂ ಬಂದವು. ಆದ್ದರಿಂದ ಕೆಲಸದ ದಿನ ಎರಡು ಬಾರಿ ಹೋಗಿ, ಮಲಗುವ ಕೋಣೆಯ ಕಿಟಕಿ ತೆರೆದು, ಅರ್ಧ ಗಂಟೆ ನಿಂತು ಕೇಳಿದ ನಂತರವೇ ಸಹಿ ಹಾಕಿರಿ.

ಆಸ್ಪತ್ರೆ

ನೆಲೆಯೊಳಗಿನ ಆಸ್ಪತ್ರೆ ಅಮೆರಿಕನ್ ಸೈನಿಕ ಕುಟುಂಬಗಳಿಗಾಗಿ ಇರುವುದು. ಹತ್ತಿರವಿದೆಯೆಂದು ಅಲ್ಲಿಗೆ ಓಡಬೇಡಿ. ಬಂದ ವಾರದಲ್ಲೇ ಜಿಪಿ, ಅಂದರೆ ಊರಿನ ಕುಟುಂಬ ವೈದ್ಯರ ಬಳಿ ನೋಂದಾಯಿಸಿಕೊಳ್ಳಿ. ತುರ್ತಿಗೆ 999, ಸಲಹೆಗೆ 111 ಸಂಖ್ಯೆಗೆ ಕರೆ ಮಾಡಿ. ದೊಡ್ಡ ಆಸ್ಪತ್ರೆ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿದೆ.

ಓಡಾಟ

ಲೇಕನ್‌ಹೀತ್ ಹೆಸರಿನ ರೈಲು ನಿಲ್ದಾಣ ಹಳ್ಳಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ, ವಾರದ ದಿನಗಳಲ್ಲಿ ಅಲ್ಲಿ ರೈಲು ನಿಲ್ಲುವುದೇ ಅಪರೂಪ. ಬ್ರಾಂಡನ್ ನಿಲ್ದಾಣವನ್ನೇ ನೆಚ್ಚಿಕೊಳ್ಳಿ. ಭಾರತದ ಚಾಲನಾ ಪರವಾನಗಿ ಇಲ್ಲಿ 12 ತಿಂಗಳಷ್ಟೇ ನಡೆಯುತ್ತದೆ. ಕೊನೆಯ ತಿಂಗಳವರೆಗೆ ಕಾಯದೆ ಇಲ್ಲಿನ ಪರೀಕ್ಷೆಗೆ ಮೊದಲೇ ಸಿದ್ಧರಾಗಿರಿ. ಥೆಟ್‌ಫರ್ಡ್ ಕಾಡಿನ ರಸ್ತೆಗಳಲ್ಲಿ ಸಂಜೆ ಜಿಂಕೆಗಳು ಅಡ್ಡ ಬರುತ್ತವೆ.

ಜೌಗು ಮತ್ತು ಗುಡ್ಡ

ಹಕ್ಕಿಗಳ ರಕ್ಷಣೆಗಾಗಿ ದುಡಿಯುವ ಆರ್‌ಎಸ್‌ಪಿಬಿ ಸಂಸ್ಥೆ 1995ರಲ್ಲಿ ಇಲ್ಲಿನ ಗಜ್ಜರಿ ಹೊಲಗಳನ್ನು ಕೊಂಡು, ನೀರು ನಿಲ್ಲಿಸಿ, ಜೊಂಡು ಬೆಳೆಸಿ ಲೇಕನ್‌ಹೀತ್ ಫೆನ್ ಎಂಬ ಹಕ್ಕಿಧಾಮ ಮಾಡಿತು. ಫೆನ್ ಎಂಬ ಈ ಜೌಗು ಸೀಮೆಯಿಂದ ಸುಮಾರು 400 ವರ್ಷ ಮರೆಯಾಗಿದ್ದ ಕ್ರೇನ್ ಹಕ್ಕಿಗಳು 2007ರಲ್ಲಿ ಇಲ್ಲಿ ಗೂಡು ಕಟ್ಟಿದವು. ರಂಗನತಿಟ್ಟನ್ನು ಕಂಡು ಬೆಳೆದ ನಾವು ಇಲ್ಲಿ ಮೊಬೈಲ್ ಹಾಡು ಹಚ್ಚಿಕೊಂಡು ಗುಂಪಾಗಿ ನಡೆಯುವುದು ಶೋಭಿಸುವುದಿಲ್ಲ. ಪುಳಿಯೋಗರೆಯ ಡಬ್ಬಿ ತೆಗೆದುಕೊಂಡು ಹೋಗಿ, ಆದರೆ ಒಂದು ಅಗುಳನ್ನೂ ಅಲ್ಲಿ ಚೆಲ್ಲಬೇಡಿ.

ಹಳ್ಳಿಯ ಅಂಚಿನ ಮೇಡ್ಸ್‌ಕ್ರಾಸ್ ಗುಡ್ಡದ ಮರಳು ನೆಲದಲ್ಲಿ ಸ್ಪ್ಯಾನಿಷ್ ಕ್ಯಾಚ್‌ಫ್ಲೈಯಂತಹ ಬಹಳ ಅಪರೂಪದ ಸಸ್ಯಗಳಿವೆ. ಬೆಳಗಿನ ನಡಿಗೆಗೆ ಹೋಗಿ ಪೂಜೆಗೆಂದು ಹೂ ಕಿತ್ತು ತಂದವರನ್ನು ನಾವು ಕಂಡಿದ್ದೇವೆ. ದೇವರಿಗೆ ಅಂಗಡಿಯ ಹೂವೂ ಸಲ್ಲುತ್ತದೆ. ಜಾಗದ ಒಡೆಯರ ಅಪ್ಪಣೆಯಿಲ್ಲದೆ ಕಾಡುಗಿಡ ಬೇರುಸಹಿತ ಕೀಳುವುದು 1981ರ ಕಾಯ್ದೆಯಂತೆ ಅಪರಾಧ.

ಫುಟ್‌ಬಾಲ್

ಲೇಕನ್‌ಹೀತ್ ಎಫ್‌ಸಿ ತಂಡದ ಮೈದಾನ ಹಳೆಯ ಸುಣ್ಣಕಲ್ಲಿನ ಗುಂಡಿಯಲ್ಲಿದೆ. ನಮ್ಮವರು ಕ್ರಿಕೆಟ್ ಇಲ್ಲವೆಂದು ಮನೆಯಲ್ಲೇ ಉಳಿಯುತ್ತಾರೆ, ಅದು ತಪ್ಪು. ಎರಡು ವರ್ಷ ಹೆಸರು ತಿಳಿಯದಿದ್ದ ಪಕ್ಕದ ಮನೆಯವರೊಡನೆ ನಾವು ಮೊದಲು ಮಾತನಾಡಿದ್ದು ಅಲ್ಲಿ, ಕೈಯಲ್ಲಿ ಚಹಾ ಹಿಡಿದು ನಿಂತಾಗ. ಚಳಿಗಾಲದ ಪಂದ್ಯಕ್ಕೆ ಮಕ್ಕಳಿಗೆ ಎರಡು ಜೊತೆ ಕಾಲುಚೀಲ ಹಾಕಿ ಕರೆದೊಯ್ಯಿರಿ.