ಹಳೆಯ ಆಡಿ ಟಿಟಿ ಕೊಳ್ಳುವ ಮುನ್ನ ನಾನು ಬಿಚ್ಚಿ ನೋಡಿದ್ದು

ಹಳೆಯ ಸ್ಪೋರ್ಟ್ಸ್ ಕೂಪೆಯನ್ನು ಕಲಬುರಗಿಯಲ್ಲಿ ಇಟ್ಟುಕೊಂಡು ಓಡಿಸಲು ಆಗುವುದಿಲ್ಲವೆಂದು ನನಗೆ ಹೇಳದವರಿಲ್ಲ. ನಾನು 2023ರ ನವೆಂಬರಿನಲ್ಲಿ ಹೈದರಾಬಾದಿನಿಂದ ತಂದ 2009ರ ಆಡಿ ಟಿಟಿ ಎರಡು ಬೇಸಿಗೆಗಳನ್ನು ದಾಟಿ ಹತ್ತಿರ ಹತ್ತಿರ 14 ಸಾವಿರ ಕಿಲೋಮೀಟರ್ ಓಡಿದೆ ಮತ್ತು ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ನಾನು ಏನೇನು ನೋಡಿದೆ ಎಂಬುದನ್ನು ಬರೆಯುವ ಹಕ್ಕು ಈಗ ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಇದು ನನ್ನ ಎರಡನೆಯ ಟಿಟಿ. ಮೊದಲನೆಯದನ್ನು 2019ರಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಕೊಟ್ಟು ತಂದಿದ್ದೆ. ನಾನು ನೋಡಲು ಹೋದಾಗ ಮಾರುವವರು ಇಂಜಿನ್ನನ್ನು ಮೊದಲೇ ಬಿಸಿ ಮಾಡಿ ಇಟ್ಟಿದ್ದರು. ಬಣ್ಣದ ಹೊಳಪು ಕಂಡು ನಾನು ಅದನ್ನು ಕೇಳಲೇ ಇಲ್ಲ. ಮನೆಗೆ ತಂದ ಮರುದಿನ ಬೆಳಿಗ್ಗೆ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ನಾಲ್ಕಾಣೆಯಷ್ಟು ಅಗಲದ ಎರಡು ಎಣ್ಣೆಯ ಕಲೆಗಳು ಬಿದ್ದಿದ್ದವು. ಮೂರನೆಯ ವಾರ ಜೇವರ್ಗಿ ದಾರಿಯಲ್ಲಿ ಎಳೆತ ನಿಂತುಹೋಯಿತು. ಬಿಚ್ಚಿಸಿದಾಗ, ತಿರುಗುವ ಕ್ಯಾಮಿಗೂ ಪೆಟ್ರೋಲಿನ ಹೈ ಪ್ರೆಶರ್ ಪಂಪಿಗೂ ನಡುವೆ ಕೂರುವ ಕ್ಯಾಮ್ ಫಾಲೋವರ್ ತೂತಾಗಿತ್ತು, ಅದರ ಕೆಳಗಿನ ಕ್ಯಾಮ್ ಸವೆದಿತ್ತು, ಹೈ ಪ್ರೆಶರ್ ಪಂಪ್ ಕೆಟ್ಟಿತ್ತು. ಹಿಂದಿನ ಮಾಲೀಕರು ಆಯಿಲ್ ಬದಲಿಸುವುದನ್ನು ವರ್ಷಗಟ್ಟಲೆ ಮುಂದೂಡಿದ್ದರ ಫಲವಿದು. ಬಿಲ್ಲು ಒಂದು ಲಕ್ಷ ತೊಂಬತ್ತು ಸಾವಿರದ ಆಸುಪಾಸು. ಆಮೇಲೆ ಗೇರ್‌ಬಾಕ್ಸಿನ ಮೆಕಾಟ್ರಾನಿಕ್ (ಗೇರ್ ಬದಲಿಸುವ ನಿಯಂತ್ರಣ ಘಟಕ) ಇನ್ನೂ ಒಂದೂ ಕಾಲು ಲಕ್ಷ ತಿಂದಿತು. ಕೊನೆಗೆ ಆರೂವರೆ ಲಕ್ಷಕ್ಕೆ ಕೊಟ್ಟು ಕೈತೊಳೆದುಕೊಂಡಾಗ ಒಟ್ಟು ಆರು ಲಕ್ಷ ಹೋಗಿತ್ತು.

2.0 ಟಿಎಫ್‌ಎಸ್‌ಐ ಎಂಬ ಟರ್ಬೋ ಪೆಟ್ರೋಲ್ ಇಂಜಿನ್ನಿನ ಹಳೆಯ, ಟೈಮಿಂಗ್ ಬೆಲ್ಟಿನ ಮಾದರಿಯಲ್ಲಿ ಆ ಫಾಲೋವರ್ ಹೆಬ್ಬೆರಳಿನ ತುದಿಗೆ ಟೊಪ್ಪಿಗೆಯಂತೆ ಕೂರುವ ಪುಟ್ಟ ಉಕ್ಕಿನ ಬಟ್ಟಲು. ಹೊಸದಿರುವಾಗ ತಲೆಯ ಭಾಗ ಕಪ್ಪಾಗಿ ಹೊಳೆಯುತ್ತದೆ. ಸವೆಯತೊಡಗಿದರೆ ಮೊದಲು ನಡುವೆ ಬೆಳ್ಳಿಯ ಬಣ್ಣದ ವೃತ್ತ ಮೂಡುತ್ತದೆ, ಆಮೇಲೆ ಬೆರಳಿಗೆ ಹತ್ತುವ ತಗ್ಗು, ಕೊನೆಗೆ ತೂತು. ಪಂಪಿನ ಮೂರು ಬೋಲ್ಟ್ ಬಿಚ್ಚಿದರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಮುಂಗಡ ಕೊಡುವ ಮೊದಲೇ ಇದನ್ನು ಬಿಚ್ಚಿ ನೋಡಬೇಕು ಎಂಬುದೇ ನನ್ನ ವಿಧಾನದ ತಿರುಳು. ನಮ್ಮ ಗ್ಯಾರೇಜಿನ ಉಸ್ತಾದರು ಇದನ್ನು ಕೇಳಿ, "ಗಾಡಿ ಮಾರೋರು ನಿಮಗ ಇಂಜಿನ್ ಬಿಚ್ಚಾಕ ಬಿಡ್ತಾರೇನ್ರೀ ಸರ್? ಹೊರಗ ಹಾಕ್ತಾರ," ಎಂದಿದ್ದರು. ಐದು ಜನ ಮಾಲೀಕರಲ್ಲಿ ಮೂವರು ಒಪ್ಪಿದರು. ಅವರನ್ನು ಒಪ್ಪಿಸಿದ ಮಾತಿನ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹೊಸ ಫಾಲೋವರನ್ನು ನನ್ನ ಖರ್ಚಿನಲ್ಲಿ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ ಎಂಬುದಷ್ಟನ್ನು ಹೇಳಬಲ್ಲೆ.

ಆ ಐದರಲ್ಲಿ ನಾಲ್ಕನ್ನು ಬಿಟ್ಟು ಬಂದೆ. ಒಂದರ ಮೀಟರು 52 ಸಾವಿರ ತೋರಿಸುತ್ತಿತ್ತು. ಕಾರಿನ ಕಂಪ್ಯೂಟರ್ ಓದುವ ವಿಸಿಡಿಎಸ್ ಸಾಧನ ಹಾಕಿ ಹಳೆಯ ದೋಷಗಳ ಫ್ರೀಜ್ ಫ್ರೇಮ್ ತೆರೆದಾಗ, ದೋಷ ದಾಖಲಾದ ಹೊತ್ತಿನ ಕಿಲೋಮೀಟರ್ 91 ಸಾವಿರ ಚಿಲ್ಲರೆ ಎಂದಿತ್ತು. ಇನ್ನೊಂದರಲ್ಲಿ ಒಂದೂ ದೋಷವಿರಲಿಲ್ಲ, ಆದರೆ ಕಾರು ಓಡುತ್ತ ತಾನೇ ಮಾಡಿಕೊಳ್ಳುವ ರೆಡಿನೆಸ್ ಪರೀಕ್ಷೆಗಳು ಅರ್ಧಕ್ಕರ್ಧ ಅಪೂರ್ಣವಾಗಿದ್ದವು. ದೋಷಗಳನ್ನು ಅಳಿಸಿದರೆ ಇವೂ ಮೊದಲಿನಿಂದ ಶುರುವಾಗುತ್ತವೆ. ನಾನು ಬರುವ ಮುನ್ನ ಯಾರೋ ದೋಷಗಳನ್ನು ಅಳಿಸಿದ್ದರು. ಹದಿನಾಲ್ಕು ವರ್ಷದ ಕಾರಿನಲ್ಲಿ ಒಂದೂ ದೋಷ ಇಲ್ಲದಿದ್ದರೆ ನನಗೆ ಅನುಮಾನ ಹೆಚ್ಚುತ್ತದೆ.

ಮೂರನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ಕಡೆಯವರು ತಪ್ಪುವುದು ಹೆಚ್ಚು. ಪುಟ್ಟಿ ಹಚ್ಚಿದ್ದನ್ನು ಹಿಡಿಯಲು ಎಲ್ಲರೂ ಅಯಸ್ಕಾಂತ ಒಯ್ಯುತ್ತಾರೆ. 2006ರಿಂದ 2014ರವರೆಗೆ ತಯಾರಾದ ಈ ಪೀಳಿಗೆಯ ಟಿಟಿಯಲ್ಲಿ ಬಾನೆಟ್ಟು ಮತ್ತು ಮುಂದಿನ ಫೆಂಡರುಗಳು ಅಲ್ಯೂಮಿನಿಯಮ್ಮಿನವು, ಬಾಗಿಲು ಮತ್ತು ಡಿಕ್ಕಿಯ ಮುಚ್ಚಳ ಉಕ್ಕಿನವು. ಆದ್ದರಿಂದ ಬಾನೆಟ್ಟಿಗೆ ಅಯಸ್ಕಾಂತ ಅಂಟದಿರುವುದು ಸಹಜ. ಅದು ಅಂಟಿದರೆ ಅದರ ಕಥೆಯನ್ನು ಕೇಳಬೇಕು. ಅಲ್ಯೂಮಿನಿಯಮ್ಮಿನ ಮೇಲೂ ಅಳೆಯುವ ಪೇಂಟ್ ಗೇಜಿಗೆ ನಾನು ಆರು ಸಾವಿರದಷ್ಟು ಕೊಟ್ಟೆ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನೊಳಗೆ ಇರುತ್ತದೆ. ಆ ಮೂರನೆಯ ಕಾರಿನ ಎಡ ಫೆಂಡರಿನಲ್ಲಿ 600 ದಾಟಿತು. ಟಾರ್ಚ್ ಹಿಡಿದು ಒಳಗೆ ನೋಡಿದರೆ, ರಿವೆಟ್ ಮತ್ತು ಅಂಟಿನಿಂದ ಕೂಡಬೇಕಾದ ಜಾಗದಲ್ಲಿ ಬೆಸುಗೆಯ ಗಂಟುಗಳಿದ್ದವು. ನಾಲ್ಕನೆಯದು ಫಾಲೋವರಿನಲ್ಲಿಯೇ ಸೋತಿತು.

ಐದನೆಯದಕ್ಕಾಗಿ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಹೈದರಾಬಾದ್ ಸೇರಿ, ಮಾಲೀಕರು ಬಾಗಿಲು ತೆರೆದೊಡನೆ ಬಾನೆಟ್ಟು ಎತ್ತಿಸಿ ಇಂಜಿನ್ನಿನ ಮೇಲೆ ಅಂಗೈ ಇಟ್ಟೆ. ನವೆಂಬರಿನ ಕಲ್ಲಿನಂತೆ ತಣ್ಣಗಿತ್ತು. ತಣ್ಣಗಿನ ಸ್ಟಾರ್ಟಿನ ಮೊದಲ ಎರಡು ನಿಮಿಷಗಳಲ್ಲಿ ನಾಲ್ಕೂ ಸಿಲಿಂಡರಿನಲ್ಲಿ ಪೆಟ್ರೋಲು ಎಷ್ಟು ಸಲ ಸರಿಯಾಗಿ ಹೊತ್ತಿಕೊಳ್ಳಲಿಲ್ಲ ಎಂಬ ಮಿಸ್‌ಫೈರ್ ಎಣಿಕೆ ನೋಡಿದೆ. ಈ ಇಂಜಿನ್ನಿನಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವುಗಳನ್ನು ತೊಳೆಯುವುದಿಲ್ಲ, ಇದ್ದಿಲು ಕಟ್ಟುತ್ತದೆ, ತಣ್ಣಗಿರುವಾಗ ಅದು ಎಣಿಕೆಯಲ್ಲಿ ಕಾಣುತ್ತದೆ. ಇದರಲ್ಲಿ ಮೂರನೆಯ ಸಿಲಿಂಡರು ಹನ್ನೊಂದೋ ಹನ್ನೆರಡೋ ತೋರಿಸಿ ನಿಂತಿತು. ಅಷ್ಟನ್ನು ನಾನು ಒಪ್ಪುತ್ತೇನೆ.

ಚೌಕಟ್ಟಿಲ್ಲದ ಬಾಗಿಲಿನ ಗಾಜು ಹಿಡಿಕೆ ಎಳೆದೊಡನೆ ಒಂದು ಸೆಂಟಿಮೀಟರಿನಷ್ಟು ಕೆಳಗಿಳಿದು, ಮುಚ್ಚಿದಾಗ ಮತ್ತೆ ಮೇಲೇರಿ ರಬ್ಬರಿನೊಳಗೆ ಕೂರಬೇಕು. ಬಲ ಬಾಗಿಲಿನದು ಹತ್ತು ಸಲಕ್ಕೆ ಎರಡು ಸಲ ಇಳಿಯಲಿಲ್ಲ. ಬೀಗದೊಳಗಿನ ಮೈಕ್ರೋಸ್ವಿಚ್ಚಿನ ದೋಷ. ಅದನ್ನು ತೋರಿಸಿ 15 ಸಾವಿರ ಇಳಿಸಿದೆ. ಟೈರಿನ ಅಂಚಿನ ನಾಲ್ಕು ಅಂಕಿ 2214, ಅಂದರೆ 2014ರ 22ನೆಯ ವಾರ. ಅದನ್ನು ತೋರಿಸಿ 50 ಸಾವಿರ ಇಳಿಸಿದೆ.

ಮಧ್ಯಾಹ್ನ ದಟ್ಟಣೆಯಲ್ಲಿ ಒಂದು ಗಂಟೆ ಓಡಿಸಿ, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಯಾದ ಡಿಎಸ್‌ಜಿಯನ್ನು ಚೆನ್ನಾಗಿ ಕಾಯಿಸಿದ ಮೇಲೆ, ಕಾಲನ್ನು ಬ್ರೇಕಿನಿಂದ ತೆಗೆದು ಕಾರನ್ನು ಏರಿನ ಮೇಲೆ ಹಿಮ್ಮುಖವಾಗಿ ಹತ್ತಿಸಿದೆ. ತಣ್ಣಗಿರುವಾಗ ಎಲ್ಲ ಡಿಎಸ್‌ಜಿಯೂ ಒಳ್ಳೆಯದೇ. ಕಾದಾಗ ಜಗ್ಗಾಡಿದರೆ ಬಿಟ್ಟುಬಿಡಬೇಕು. ಆರು ಗೇರಿನ ಈ ಎಣ್ಣೆಯ ಕ್ಲಚ್ಚಿನ ಪೆಟ್ಟಿಗೆಗೆ 60 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಾಗಿರಬೇಕು, ಅದರ ರಸೀದಿ ಬೇಕು. ಈ ಪೆಟ್ಟಿಗೆಗೆ ನನ್ನದೇ ಇನ್ನೊಂದು ಪರೀಕ್ಷೆ ಇದೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಹನ್ನೊಂದು ಲಕ್ಷ ಕೇಳಿದ್ದು ಎಂಟು ಮುಕ್ಕಾಲಿಗೆ ಮುಗಿಯಿತು. ಬೆಲ್ಟು, ಟೆನ್ಷನರ್, ವಾಟರ್ ಪಂಪ್, ಗೇರ್‌ಬಾಕ್ಸ್ ಎಣ್ಣೆ, ನಾಲ್ಕು ಟೈರು ಸೇರಿ ಎರಡು ಲಕ್ಷ ಹತ್ತು ಸಾವಿರವಾಯಿತು. ಬ್ಯಾಂಕಿನ ಸಾಲ ತೀರಿದ ಫಾರಂ 35, ಅಲ್ಲಿಯ ಆರ್‌ಟಿಓ ಎನ್‌ಓಸಿ, ಇಲ್ಲಿಯ ಜೀವಾವಧಿ ತೆರಿಗೆ ಎಂದು ಇನ್ನೆರಡು ಲಕ್ಷದ ಹತ್ತಿರ ಹೋಯಿತು. ತೆರಿಗೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳದೆ ದರ ಮಾತಾಡಬಾರದು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೂ ಹಣ ತೆಗೆದಿಟ್ಟಿರಬೇಕು.

ವಾಲ್ವುಗಳ ಇದ್ದಿಲು ತೆಗೆಯಲು ಅಕ್ರೋಟಿನ ಚಿಪ್ಪಿನ ಪುಡಿ ಊದುವುದು ರೂಢಿ. ನಮ್ಮಲ್ಲಿ ಶೇಂಗಾ ಸಿಪ್ಪೆ ಹೇರಳವಾಗಿರುವುದರಿಂದ ಅದನ್ನೇ ಒಣಗಿಸಿ, ಗಿರಣಿಯಲ್ಲಿ ಒಡೆಸಿ, ಜರಡಿ ಹಿಡಿದು, ಗುಜರಿಯಿಂದ ತಂದ ವಾಲ್ವಿನ ಮೇಲೆ ಕಂಪ್ರೆಸರಿನಿಂದ ಊದಿ ನೋಡಿದೆ. ಅದು ಮೆತ್ತಗೆ ಹಿಟ್ಟಾಯಿತು, ಇದ್ದಿಲು ಅಲುಗಲಿಲ್ಲ. ಸೀತಾಫಲದ ಬೀಜದಿಂದ ಅರ್ಧದಷ್ಟು ಹೋಯಿತು, ಆದರೆ ಅದು ಒಂದೇ ಅಳತೆಗೆ ಒಡೆಯುವುದಿಲ್ಲ. ನನ್ನ ಕಾರಿಗೆ ಅಕ್ರೋಟನ್ನೇ ತರಿಸಿದೆ.

ಸೇಡಂ ದಾರಿಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡುವುದರಿಂದ ಏರ್ ಫಿಲ್ಟರನ್ನು ಐದು ಸಾವಿರಕ್ಕೊಮ್ಮೆ, ಆಯಿಲನ್ನು ಏಳು ಸಾವಿರಕ್ಕೊಮ್ಮೆ ಬದಲಿಸುತ್ತಿದ್ದೇನೆ. ಹೋದ ತಿಂಗಳು ಉಸ್ತಾದರ ಎದುರಿಗೇ ಪಂಪು ಬಿಚ್ಚಿ ಫಾಲೋವರನ್ನು ಹೊರತೆಗೆದು, ಬಟ್ಟೆಯಿಂದ ಒರೆಸಿ ಅವರ ಅಂಗೈಗೆ ಹಾಕಿದೆ. ಅವರು ಅದನ್ನು ಬಿಸಿಲಿಗೆ ಹಿಡಿದು ಉಗುರಿನಿಂದ ಗೀರಿ ನೋಡಿದರು. ಕಪ್ಪು ಹಾಗೆಯೇ ಇತ್ತು. "ಹಾಕ್ರಿ ವಾಪಸ್," ಎಂದರು.